ಕಾಲು ಹಿಡಿಯುವ ಸಿಸ್ಟರ್

ನೀಲಗಂಗಾ ಸಿಸ್ಟರ್ ಡ್ಯೂಟಿಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸ ರೋಗಿಗಳ ಕಾಲು ಹಿಡಿಯುವುದು. ಮುತ್ತಲಹಾಳದ ಆಸ್ಪತ್ರೆಯಲ್ಲಿ ಆಪರೇಷನ್ ಆದವರನ್ನು ಇಡುವ ತೀವ್ರ ನಿಗಾ ಘಟಕಕ್ಕೆ ಹತ್ತು ಹಾಸಿಗೆ. ಒಂದರಿಂದ ಹತ್ತರವರೆಗೆ ಹೊದಿಕೆಯ ತುದಿ ಎತ್ತಿ, ಮೊದಲು ಹೆಬ್ಬೆರಳು, ಆಮೇಲೆ ಹರಡು, ಕೊನೆಗೆ ಮೊಣಕಾಲು ಮುಟ್ಟಿ, ಗೋಡೆಗೆ ತೂಗುಹಾಕಿದ ನೋಟ್‌ಬುಕ್ಕಿನಲ್ಲಿ ಬೆಚ್ಚಗೆ, ಉಗುರುಬೆಚ್ಚಗೆ, ತಣ್ಣಗೆ ಎಂದು ಬರೆದ ಮೇಲೆಯೇ ಅವಳು ಹಿಂದಿನ ಪಾಳಿಯವರ ಮಾತಿಗೆ ಕಿವಿಗೊಡುತ್ತಿದ್ದಳು. ಮೂರು ತಾಸಿಗೊಮ್ಮೆ ಮತ್ತೆ ಇದೇ ಸುತ್ತು.

ಎಚ್ಚರವಿದ್ದ ಮುದುಕ ಮುದುಕಿಯರು ಇದನ್ನು ನಮಸ್ಕಾರವೆಂದೇ ತಿಳಿಯುತ್ತಿದ್ದರು. ಹೊಟ್ಟೆಯ ಹೊಲಿಗೆ ಜಗ್ಗುತ್ತಿದ್ದರೂ ಕೈ ಎತ್ತಿ ನೂರು ವರ್ಷ ಬಾಳು ತಾಯಿ ಎಂದು ಹರಸುತ್ತಿದ್ದರು. ಇಪ್ಪತ್ತೆರಡು ವರ್ಷದ ಆಶೀರ್ವಾದ ಕೂಡಿಸಿದರೆ ಈ ಸಿಸ್ಟರಿಗೆ ಸಾವೇ ಬರುವಂತಿಲ್ಲ ಎಂದು ಡಾಕ್ಟರ್ ಇಮ್ತಿಯಾಜ್ ನದಾಫ್ ತಮಾಷೆ ಮಾಡುತ್ತಿದ್ದರು. ಆ ಘಟಕಕ್ಕಿದ್ದ ಒಬ್ಬರೇ ತೀವ್ರ ನಿಗಾ ತಜ್ಞರು ಅವರು.

ಕಾಲು ಹಿಡಿಯುವುದರಲ್ಲಿ ಭಕ್ತಿಯೇನೂ ಇರಲಿಲ್ಲ. ಒಳಗೆಲ್ಲೋ ರಕ್ತ ಸೋರಲಿ, ಹೊಲಿಗೆ ಬಿಟ್ಟು ವಿಷವೇರಲಿ, ದೇಹ ಮೊದಲು ಕಾಲಿಗೆ ಹೋಗುವ ರಕ್ತದ ಪಾಲನ್ನು ಕಡಿತಗೊಳಿಸುತ್ತದೆ. ಮನೆಯಲ್ಲಿ ಅನ್ನ ಕಡಿಮೆ ಬಿದ್ದರೆ ತಾಯಿ ಮೊದಲು ತನ್ನ ತಟ್ಟೆಯದನ್ನು ತೆಗೆದಿಡುತ್ತಾಳಲ್ಲ, ಹಾಗೆ. ಹೃದಯಕ್ಕೆ, ಮಿದುಳಿಗೆ ಏನೂ ಕೊರತೆ ಕಾಣುವುದಿಲ್ಲ. ರಕ್ತದೊತ್ತಡದ ಅಂಕಿ ಸರಿಯಾಗಿಯೇ ಇರುತ್ತದೆ. ಹೆಬ್ಬೆರಳು ಮಾತ್ರ ತಣ್ಣಗಾಗಿರುತ್ತದೆ. ಹೆಚ್ಚುಕಡಿಮೆ ಒಂದು ತಾಸು ಕಳೆದ ಮೇಲೆ ಯಂತ್ರಗಳು ಕೂಗಲು ಶುರು ಮಾಡುತ್ತವೆ. ಆ ಒಂದು ತಾಸೇ ನೀಲಗಂಗಾಳ ಆಸ್ತಿ. ಕಾಲು ತಣ್ಣಗಾದರೆ ಯಾವ ಸಲೈನ್ ಎಷ್ಟು ಬಿಡಬೇಕು, ಯಾವ ನಳಿಕೆ ನೋಡಬೇಕು, ಯಾವ ಔಷಧ ನಿಲ್ಲಿಸಬೇಕು ಎಂದು ನದಾಫರು ಬರೆದುಕೊಟ್ಟ ಹಾಳೆ ಗೋಡೆಯ ಮೇಲಿತ್ತು. ಅವಳು ಅದರಂತೆ ಮಾಡಿ, ಅಷ್ಟಕ್ಕೂ ಬೆಚ್ಚಗಾಗದಿದ್ದರೆ ಮಾತ್ರ ಸಾಹೇಬರನ್ನು ಕರೆಯುತ್ತಿದ್ದಳು. ಒಬ್ಬರೇ ಎಷ್ಟು ಅಂತ ಓಡಾಡಿಯಾರು, ಸಣ್ಣಪುಟ್ಟದಕ್ಕೆಲ್ಲ ತೊಂದರೆ ಕೊಡಬಾರದು ಎಂಬ ಮರ್ಯಾದೆ ಆ ಘಟಕದ ಸಿಸ್ಟರುಗಳಿಗೆಲ್ಲ ಮೈಗೂಡಿತ್ತು. ಈ ಮರ್ಯಾದೆಯೇ ಅವರಿಗೆ ಮುಳುವಾಯಿತು.

ಆ ವರ್ಷಗಳಲ್ಲಿ ರಾಜ್ಯದಲ್ಲಿ ಉಳಿದಿದ್ದ ತೀವ್ರ ನಿಗಾ ತಜ್ಞರು ಅರವತ್ತೊಂದು ಜನ. ಹಾಸಿಗೆಗಳು ನಾಲ್ಕು ಸಾವಿರ. ಆ ಓದು ಓದಲು ಹೊಸಬರು ಬರುವುದು ನಿಂತೇಹೋಗಿತ್ತು. ಇದ್ದವರನ್ನು ನ್ಯಾಯವಾಗಿ ಹಂಚಬೇಕೆಂದು ಸರ್ಕಾರ 'ಸಮಪಾಲು' ಎಂಬ ವ್ಯವಸ್ಥೆ ತಂದಿತು. ಪ್ರತಿ ಹಾಸಿಗೆಯ ಕೆಳಗೂ ಚಾಪೆಯಂಥ ಒಂದು ತೆಳು ಹಾಳೆ. ಬೆನ್ನಿನಡಿಯಲ್ಲಿ ಮಲಗಿ ಅದು ನಾಡಿ, ಉಸಿರು, ರಕ್ತದೊತ್ತಡ ಎಲ್ಲವನ್ನೂ ಓದುತ್ತದೆ. ಅಪಾಯ ಕಂಡರೆ ತಲೆಯ ಮೇಲಿನ ದೀಪ ಹಸಿರಿನಿಂದ ಕೆಂಪಾಗುತ್ತದೆ, ತಜ್ಞ ಓಡಿ ಬರುತ್ತಾನೆ. ಎಷ್ಟು ಕೆಂಪು ಬಂತು ಎಂಬ ಲೆಕ್ಕದ ಮೇಲೆ ಯಾವ ಘಟಕಕ್ಕೆ ತಜ್ಞ ಬೇಕು, ಯಾವುದಕ್ಕೆ ಬೇಡ ಎಂದು ಸಮಪಾಲು ತೀರ್ಮಾನಿಸುತ್ತದೆ. ಬೇಡವಾದ ಘಟಕಕ್ಕೆ ಒಂದು ಪರದೆ ಕೊಡುತ್ತಾರೆ. ಗುಂಡಿ ಒತ್ತಿ ಸರದಿಯಲ್ಲಿ ಕಾದರೆ ವಿಭಾಗ ಕೇಂದ್ರದಲ್ಲಿ ಕೂತ ತಜ್ಞರ ಮುಖ ಅದರಲ್ಲಿ ಮೂಡುತ್ತದೆ.

ಮುತ್ತಲಹಾಳದ ಘಟಕಕ್ಕೆ ಮೊದಲು ಬಂದದ್ದು ಪ್ರಶಸ್ತಿಪತ್ರ. ಇಡೀ ವಿಭಾಗದಲ್ಲಿ ಅತ್ಯಂತ ಕಡಿಮೆ ಕೆಂಪು ದೀಪ ಹತ್ತಿದ ಘಟಕ ಎಂದು ಬಂಗಾರದ ಬಣ್ಣದ ಅಕ್ಷರಗಳಲ್ಲಿ ಅಚ್ಚಾಗಿತ್ತು. ಸಿಸ್ಟರುಗಳು ಪೇಡೆ ತರಿಸಿ ಹಂಚಿದರು. ಪತ್ರಕ್ಕೆ ಚೌಕಟ್ಟು ಹಾಕಿಸಿ, ಆಸ್ಪತ್ರೆಯ ಮುಖ್ಯಸ್ಥರ ಕೈಯಲ್ಲಿ ಮೊಳೆ ಹೊಡೆಸಿದರು. ನದಾಫರು ಪೇಡೆ ತಿಂದರು, ನಗಲಿಲ್ಲ.

"ಸಿಸ್ಟರ್, ನಿಮ್ಮ ಕೈ ಈ ಯಂತ್ರಕ್ಕಿಂತ ಒಂದು ತಾಸು ಮುಂದ ಐತಿ. ಅದ ಈಗ ನಮಗ ಕಂಟಕ ಆಗ್ತೈತಿ ನೋಡ್ರಿ" ಎಂದರು.

ಎರಡನೆಯ ಪತ್ರ ಒಂಬತ್ತು ದಿನಕ್ಕೆ ಬಂತು. ಘಟಕದ ಸ್ಥಿತಿ ಉತ್ತಮವಾಗಿರುವುದರಿಂದ ಇಲ್ಲಿ ತಜ್ಞರ ಅಗತ್ಯ ಕಂಡುಬಂದಿಲ್ಲ. ಒಂದು ತಿಂಗಳ ಮರುಪರಿಶೀಲನೆಯ ನಂತರ ಡಾಕ್ಟರ್ ನದಾಫರನ್ನು ನದಿಯಾಚೆಯ ತಾಲ್ಲೂಕಿನ ಘಟಕಕ್ಕೆ ಕಳಿಸಲಾಗುವುದು. ನೀಲಗಂಗಾ ಅದನ್ನು ಎರಡು ಸಲ ಓದಿ, ಮಾರನೆಯ ದಿನ ರಜೆ ಹಾಕಿ, ಪ್ರಶಸ್ತಿಪತ್ರವನ್ನು ಮೊಳೆಯಿಂದ ಇಳಿಸಿ ಚೀಲದಲ್ಲಿಟ್ಟುಕೊಂಡು ವಿಭಾಗ ಕೇಂದ್ರದ ಬಸ್ಸು ಹತ್ತಿದಳು.

ಕೇಂದ್ರವೆಂದರೆ ಮದುವೆ ಹಾಲಿನಷ್ಟು ದೊಡ್ಡ ಕೋಣೆ. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಹಾಸಿಗೆಗಳು. ನಡುವೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬರೇ ತಜ್ಞೆ ಕುಳಿತು ನೂರನಲವತ್ತು ಹಾಸಿಗೆಗಳಿಗೆ ಉತ್ತರ ಕೊಡುತ್ತಿದ್ದರು. ಅವರ ಮುಂದೆ ಇಟ್ಟ ಚಹಾದ ಮೇಲೆ ಕೆನೆಗಟ್ಟಿತ್ತು. ಸರದಿಯಲ್ಲಿ ಹದಿನೇಳು ಕರೆ, ಕಾಯುವ ಹೊತ್ತು ನಲವತ್ತೊಂದು ನಿಮಿಷ ಎಂದು ಮೇಲೆ ಬರೆದುಕೊಂಡಿತ್ತು.

ಸಮಪಾಲಿನ ಉಸ್ತುವಾರಿ ನೋಡುವ ಎಂಜಿನಿಯರ್ ವಾಗ್ದೇವಿ ಒಳ್ಳೆಯ ಹುಡುಗಿ. ನೀಲಗಂಗಾ ಜಗಳಕ್ಕೆಂದೇ ಹೋಗಿದ್ದಳು. ಆದರೆ ಆ ಹುಡುಗಿ ನೀರು ಕೊಟ್ಟು, ಕುರ್ಚಿ ಹಾಕಿ, ಪೂರ್ತಿ ಕೇಳಿಸಿಕೊಂಡಳು. ಕಾಲು ಹಿಡಿಯುವ ಸಂಗತಿ ಕೇಳಿ ಅವಳಿಗೆ ನಿಜಕ್ಕೂ ಆಸಕ್ತಿ ಬಂತು. ಪಾದಕ್ಕೊಂದು ಯಂತ್ರ ಕಟ್ಟಲು ನಾವೂ ನೋಡಿದ್ದೆವು. ಫ್ಯಾನಿನ ಗಾಳಿ, ಹೊದಿಕೆ, ಒದ್ದೆ ಬಟ್ಟೆ ಎಲ್ಲಕ್ಕೂ ಅದು ಕೂಗಿಕೊಂಡು ಕಿವಿ ಕಿತ್ತುಹೋಗುವಂತಾಗಿ ಬಿಟ್ಟುಬಿಟ್ಟೆವು ಎಂದಳು. ಹಾಗಾದರೆ ನಮ್ಮ ನೋಟ್‌ಬುಕ್ಕನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ನೀಲಗಂಗಾ ಕೇಳಿದಳು.

"ಆಗಿದ್ದನ್ನ ಎಣಿಸಬಹುದು ಸಿಸ್ಟರ್. ಆಗದೇ ತಪ್ಪಿದ್ದನ್ನ ಹೇಗೆ ಎಣಿಸೋದು, ಹೇಳಿ" ಎಂದಳು ವಾಗ್ದೇವಿ. "ಅದೂ ಅಲ್ಲದೆ ಡಾಕ್ಟರಿಲ್ಲದೇ ಇಷ್ಟು ಚೆನ್ನಾಗಿ ನೋಡ್ಕೊಳ್ತೀರಿ ಅಂದಮೇಲೆ..."

"ಏನೋ ಆಗಾಕತ್ತೈತಿ ಅಂತ ನನ್ನ ಕೈಗೆ ತಿಳೀತೈತ್ರಿ, ಬಾಯಾರ. ಏನ್ ಆಗಾಕತ್ತೈತಿ ಅನ್ನೂದು ಸಾಹೇಬರಿಗಷ್ಟ ತಿಳೀತೈತಿ. ಐವತ್ತು ಮಂದ್ಯಾಗ ಒಬ್ಬರಿಗೆ ಅದ ಬೇಕಾಗ್ತೈತಿ. ಆ ಒಬ್ಬರು ನಲವತ್ತೊಂದು ನಿಮಿಷ ಕಾಯಾಂಗಿಲ್ಲ."

ವಾಗ್ದೇವಿ ತನ್ನ ಕೈಲಿರುವುದು ಇಷ್ಟೇ ಎಂದು ನಿಯಮ ಬಿಡಿಸಿ ಹೇಳಿದಳು. ಮರುಪರಿಶೀಲನೆಯ ಈ ತಿಂಗಳಲ್ಲಿ ಮೂರು ಕೆಂಪು ಬಂದರೆ ತಜ್ಞರು ಉಳಿಯುತ್ತಾರೆ. ಸುಮ್ಮಸುಮ್ಮನೆ ಗುಂಡಿ ಒತ್ತಿ ಕರೆದರೆ ನಡೆಯುವುದಿಲ್ಲ; ಹಾಸಿಗೆಯಡಿಯ ಹಾಳೆ ಸಾಕ್ಷಿ ಹೇಳದಿದ್ದರೆ ಇದ್ದದ್ದರಲ್ಲೂ ಒಂದು ಕಳೆಯುತ್ತಾರೆ. ನಿಜವಾದ ಕೆಂಪೇ ಆಗಬೇಕು. ಇನ್ನು ನದಾಫರನ್ನು ಕಳಿಸುತ್ತಿರುವುದು ಎಲ್ಲಿಗೆ ಎಂಬುದನ್ನೂ ಅವಳು ಪರದೆಯ ಮೇಲೆ ತೋರಿಸಿದಳು. ನದಿಯಾಚೆಯ ಆ ಘಟಕದಲ್ಲಿ ಮೂರು ತಿಂಗಳಲ್ಲಿ ಹನ್ನೊಂದು ಜನ ಸತ್ತಿದ್ದರು. ನೀಲಗಂಗಾ ನೋಡುತ್ತಿದ್ದಾಗಲೇ ಅಲ್ಲೊಂದು ಹಾಸಿಗೆಯ ಪಕ್ಕ ನಡುವಯಸ್ಸಿನ ಸಿಸ್ಟರ್ ಒಬ್ಬಳು ಸ್ಟೂಲಿನ ಮೇಲೆ ಕೂತು, ಎರಡೂ ಕೈಗಳನ್ನು ಏಪ್ರನ್ನಿನ ಜೇಬಿನಲ್ಲಿ ತುರುಕಿಕೊಂಡು ದೀಪವನ್ನೇ ದಿಟ್ಟಿಸುತ್ತಿದ್ದಳು. ದೀಪ ಇನ್ನೂ ಹಸಿರಾಗಿತ್ತು. ಎಂಥ ಮೈಗಳ್ಳಿ, ಹಿಂಗ ಕುಂತರ ಹನ್ನೊಂದು ಜನ ಸಾಯದೇ ಏನಾದಾರು ಎಂದು ನೀಲಗಂಗಾ ಮನಸ್ಸಿನಲ್ಲೇ ಬೈದಳು. ಪ್ರಶಸ್ತಿಪತ್ರವನ್ನು ಚೀಲದಿಂದ ಹೊರತೆಗೆಯಲೇ ಇಲ್ಲ.

ಮನೆಗೆ ಬಂದಾಗ ಸಂಜೆ. ಗಂಡ ಈರಸಂಗಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಯ ಗ್ರೀಸು ತೊಳೆದು ಒಲೆಯ ಪಕ್ಕ ಕೂತಿದ್ದ. ಅವಳು ಹಂಚಿನ ಮೇಲೆ ಅಂಗೈ ಹಿಡಿದು ಕಾವು ನೋಡಿ, ರೊಟ್ಟಿ ಬಡಿದು ಹಾಕುತ್ತ ಎಲ್ಲ ಹೇಳಿದಳು. ಹಂಚಿನ ಕಾವು ನೋಡಲು ಅವಳಿಗೆ ನೀರು ಚಿಮುಕಿಸುವುದೂ ಬೇಕಿರಲಿಲ್ಲ, ಅಂಗೈ ಸಾಕಿತ್ತು. ಅವಳ ರೊಟ್ಟಿ ಸೀದದ್ದನ್ನು ಈರಸಂಗಪ್ಪ ಕಂಡಿರಲಿಲ್ಲ.

"ನಮ್ಮ ಡಿಪೋದಾಗೂ ಹಿಂಗ ಐತಿ" ಎಂದ ಅವನು. "ಕೆಡದ ಗಾಡಿಗೆ ಸ್ಪೇರ್ ಪಾರ್ಟ್ ಕೊಡೂದಿಲ್ಲ. ಮೂರು ಸರ್ತಿ ಕೈ ಕಟ್ಟಿಕೊಂಡು ಕುಂದ್ರು, ಮುಗೀತು."

ಗಾಡಿ ಅಲ್ಲ ಅವು, ಮನುಷ್ಯರು ಎಂದು ಅವಳು ಸಿಡುಕಿದಳು. ಅವನು ತಪ್ಪೊಪ್ಪಿಕೊಂಡವನಂತೆ ತಟ್ಟೆಗೆ ತಲೆ ಬಗ್ಗಿಸಿದ. ಆದರೆ ಆಡಿದ ಮಾತು ಆಡಿಹೋಗಿತ್ತು.

ತಿಂಗಳು ನಡೆಯಿತು. ಅವಳು ಎಂದಿನಂತೆ ಕಾಲು ಹಿಡಿದಳು, ಗೋಡೆಯ ಮೇಲಿನ ಹಾಳೆಯಂತೆ ನಡೆದಳು. ಮೊದಲ ಹದಿನೈದು ದಿನದಲ್ಲಿ ಯಾರ ಕೈಗೂ ನಿಲುಕದಂತೆ ಎರಡು ಕೆಂಪು ತಾವಾಗಿಯೇ ಬಂದವು. ಒಬ್ಬನಿಗೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿತು, ಇನ್ನೊಬ್ಬಳ ಉಸಿರಿನ ನಳಿಕೆ ಜಾರಿತು. ಎರಡು ಸಲವೂ ನದಾಫರು ಓಡಿಬಂದರು, ಇಬ್ಬರೂ ಬದುಕಿದರು. ಅವರನ್ನು ವಾರ್ಡಿಗೆ ಕಳಿಸುವಾಗ ಸಿಸ್ಟರುಗಳು ಸಂತೋಷಪಟ್ಟರು. ಯಾವುದಕ್ಕೆ ಸಂತೋಷ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಇನ್ನೊಂದು ಬರಬೇಕಿತ್ತು. ಹದಿನಾರು ದಿನ ಕಳೆಯಿತು, ಇಪ್ಪತ್ತು ಕಳೆಯಿತು, ಇಪ್ಪತ್ತೆಂಟಾಯಿತು. ಘಟಕ ಹಸಿರಾಗಿಯೇ ಇತ್ತು.

ಕೊನೆಯ ದಿನ ನದಾಫರು ತಮ್ಮ ಕೋಣೆಯಲ್ಲಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಮಧ್ಯಾಹ್ನ ಎರಡರ ಸುತ್ತಿನಲ್ಲಿ ನೀಲಗಂಗಾ ಏಳನೆಯ ಹಾಸಿಗೆಗೆ ಬಂದಳು. ಕಸ್ತೂರೆವ್ವ, ನಲವತ್ತರ ಹೆಂಗಸು, ಮಗ್ಗದ ಕೆಲಸದವಳು. ತೂತು ಬಿದ್ದ ಕರುಳನ್ನು ಹೊಲಿದು ಮೂರು ದಿನವಾಗಿತ್ತು. ಬೆಳಿಗ್ಗೆ ಅವಳ ಕಾಲು ಮುಟ್ಟಿದಾಗ, ನನಗಿಂತ ದೊಡ್ಡಾಕಿ ನೀನು, ನನ್ನ ಕಾಲು ಹಿಡಿದು ನನಗ ಪಾಪ ಹಚ್ಚಬ್ಯಾಡ ತಾಯಿ ಎಂದು ನಾಚಿ ಪಾದ ಎಳೆದುಕೊಂಡಿದ್ದಳು. ಆಗ ಬೆಚ್ಚಗಿತ್ತು.

ಈಗ ಹೆಬ್ಬೆರಳು ತಣ್ಣಗಿತ್ತು. ಹರಡೂ ತಣ್ಣಗಿತ್ತು.

ನೀಲಗಂಗಾ ತಲೆಯೆತ್ತಿ ನೋಡಿದಳು. ದೀಪ ಹಸಿರು. ರಕ್ತದೊತ್ತಡ ಸರಿ. ಕಸ್ತೂರೆವ್ವ ಎಚ್ಚರವಾಗಿದ್ದಳು, ಸ್ವಲ್ಪ ಮಂಕಾಗಿದ್ದಳು. ಹೊಲಿಗೆ ಎಲ್ಲೋ ಸಡಿಲಿದೆ ಎಂದು ಕೈ ಹೇಳುತ್ತಿತ್ತು. ಈಗಲೇ ಸಲೈನ್ ಬಿಟ್ಟು ಸಾಹೇಬರನ್ನು ಕರೆದರೆ ಅವರು ಸರ್ಜನ್ನರಿಗೆ ಹೇಳುತ್ತಾರೆ, ಕೆಂಪಾಗುವ ಮೊದಲೇ ಹೊಟ್ಟೆ ಬಿಚ್ಚುತ್ತಾರೆ. ದೀಪ ಹಸಿರಾಗಿಯೇ ಉಳಿಯುತ್ತದೆ. ನಾಳೆ ಬೆಳಿಗ್ಗೆ ಪೆಟ್ಟಿಗೆ ಜೀಪಿಗೆ ಏರುತ್ತದೆ. ಆಮೇಲೆ ಈ ಹತ್ತು ಹಾಸಿಗೆಗಳ ಮೇಲೆ ಮಲಗುವವರೆಲ್ಲ, ಈ ವರ್ಷ, ಮುಂದಿನ ವರ್ಷ, ಪರದೆಯ ಮುಂದೆ ಸರದಿ ಕಾಯಬೇಕು. ಅವಳು ಯೋಚಿಸಿದ್ದು ಇಷ್ಟನ್ನು. ಇನ್ನೊಂದನ್ನೂ ಯೋಚಿಸಿದಳು: ಸಾಹೇಬರು ಹದಿನೈದು ಹೆಜ್ಜೆ ದೂರದಲ್ಲಿದ್ದಾರೆ, ಕೆಂಪಾದ ಮರುಕ್ಷಣ ಬರುತ್ತಾರೆ. ಮೊದಲೆಲ್ಲ ಕೆಂಪಾದ ಮೇಲೆ ಎಷ್ಟು ಜನ ಬದುಕಿಲ್ಲ? ಒಂದು ತಾಸಷ್ಟೇ.

ನೋಟ್‌ಬುಕ್ಕಿನಲ್ಲಿ ಆರನೆಯದನ್ನು ಬರೆದಳು, ಎಂಟನೆಯದಕ್ಕೆ ಹೋಗಿ ಎಂಟನ್ನು ಬರೆದಳು, ಹತ್ತರವರೆಗೂ ಬರೆದಳು. ಆಮೇಲೆ ಏಳರ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಕೈಗಳು ಸುಮ್ಮನಿರಲಿಲ್ಲ. ಸಲೈನ್ ಬಿಡುವ ಪುಟ್ಟ ಗಾಲಿಗೆ ಒಮ್ಮೆ ಹೋದವು, ಹೊದಿಕೆಗೆ ಒಮ್ಮೆ ಹೋದವು. ಇಪ್ಪತ್ತೆರಡು ವರ್ಷ ಕಲಿಸಿದ ಕೈಗಳು ಹೇಳಿದ ಮಾತು ಕೇಳುತ್ತವೆಯೇ? ಅವಳು ಎರಡನ್ನೂ ಏಪ್ರನ್ನಿನ ಜೇಬಿನಲ್ಲಿ ತುರುಕಿ ಮುಷ್ಟಿ ಕಟ್ಟಿದಳು. ದೀಪ ನೋಡುತ್ತ ಕೂತಳು. ಹಾಗೆ ಕೂತ ಮೇಲೆ, ತಾನು ಇದೇ ಭಂಗಿಯನ್ನು ಎಲ್ಲಿ ಕಂಡಿದ್ದೆ ಎಂಬುದು ನೆನಪಾಯಿತು. ನದಿಯಾಚೆಯ ಆ ಹೆಂಗಸು ಮೈಗಳ್ಳಿಯಾಗಿರಲಿಲ್ಲ. ಅವಳಿಗೂ ಒಬ್ಬ ಡಾಕ್ಟರು ಬೇಕಾಗಿದ್ದರು.

ಗಂಟೆ ಎರಡೂ ಇಪ್ಪತ್ತು. ಎರಡೂವರೆ. ಕಸ್ತೂರೆವ್ವ ತಿರುಗಿ ನೋಡಿದಳು.

"ಸಿಸ್ಟರ್, ಕಾಲು ಥಂಡಿ ಹತ್ಯಾವ್ರಿ. ಮುಂಜಾನಿ ಹಿಡಿದಿದ್ರಲ್ಲ, ಹಂಗ ಒಂಚೂರು ಹಿಡೀರಿ. ನಿಮ್ಮ ಕೈ ಬೆಚ್ಚಗ ಐತಿ."

ನೀಲಗಂಗಾ ಎದ್ದು ಕಪಾಟಿನಿಂದ ಇನ್ನೊಂದು ಕಂಬಳಿ ತಂದು ಹೊದಿಸಿದಳು. ಕೈ ತಾಗದಂತೆ ತುದಿ ಹಿಡಿದು ಹೊದಿಸಿದಳು. ತಾಗಿದ್ದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಈಗ ಹೆಂಗೈತಿ ಎಂದು ಕೇಳಿದಳು. ಛಲೋ ಐತ್ರಿ ಎಂದಳು ಕಸ್ತೂರೆವ್ವ, ಇವಳಿಗೆ ಬೇಸರವಾಗದಿರಲೆಂದು.

ಮೂರು ಗಂಟೆ ಆರು ನಿಮಿಷಕ್ಕೆ ದೀಪ ಕೆಂಪಾಯಿತು.

ನದಾಫರು ಕೈಲಿದ್ದ ಪುಸ್ತಕ ಅಲ್ಲೇ ಎಸೆದು ಬಂದರು. ಜೇಬಿನಿಂದ ಬಿಡುಗಡೆಯಾದ ನೀಲಗಂಗಾಳ ಕೈಗಳು ಅವರಿಗಿಂತ ಮೊದಲೇ ಕೆಲಸ ಹಿಡಿದಿದ್ದವು. ಅಷ್ಟು ಚುರುಕಾಗಿ ಆ ಕೈಗಳು ಎಂದೂ ದುಡಿದಿರಲಿಲ್ಲ. ಉಸಿರಿಗೆ ನಳಿಕೆ ಹಾಕಿದರು, ರಕ್ತದೊತ್ತಡ ಏರಿಸುವ ಔಷಧ ಹಚ್ಚಿದರು, ನಾಲ್ಕಕ್ಕೆ ಮತ್ತೆ ಆಪರೇಷನ್ನಿಗೆ ಒಯ್ದರು. ಹೊಲಿಗೆ ಬಿಟ್ಟು ಹೊಟ್ಟೆಯ ತುಂಬ ಕೊಳೆ ಹರಡಿತ್ತು. ಕಸ್ತೂರೆವ್ವ ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ತೀರಿಕೊಂಡಳು. ಅಷ್ಟರಲ್ಲಿ ಆದೇಶ ಬಂದಿತ್ತು: ಮೂರು ಕೆಂಪು ದೃಢಪಟ್ಟಿವೆ, ತಜ್ಞರನ್ನು ಮುಂದುವರಿಸಲಾಗಿದೆ.

ಕಸ್ತೂರೆವ್ವನ ಅಣ್ಣ ಬಂದು ಸಿಸ್ಟರುಗಳಿಗೆಲ್ಲ ಕೈ ಮುಗಿದ. ನಿಮ್ಮ ಕೈಲಾದಷ್ಟು ಮಾಡಿದ್ರಿ, ಆಕಿ ಹಣೇಬರ ಇಷ್ಟ ಇತ್ತು ಎಂದ. ಕೈಲಾದಷ್ಟು ಎಂಬ ಮಾತಿಗೆ ನೀಲಗಂಗಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ನದಾಫರು ಮಧ್ಯಾಹ್ನ ನೋಟ್‌ಬುಕ್ಕನ್ನು ಮೊಳೆಯಿಂದ ತೆಗೆದರು. ಸಾವಾದಾಗಲೆಲ್ಲ ಹಿಂದಿನ ಪುಟ ನೋಡುವುದು ಅವರ ಪದ್ಧತಿ. ಸಾಲುಗಳ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು.

"ಎರಡರ ಸುತ್ತಿನಾಗ ಏಳು ಖಾಲಿ ಐತಿ, ಸಿಸ್ಟರ್."

"ಹೌದ್ರಿ."

ಬೈಯುತ್ತಾರೆ ಎಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಜೇಬಿನಿಂದ ಪೆನ್ನು ತೆಗೆದರು, ಖಾಲಿ ಜಾಗದ ಮೇಲೆ ಹಿಡಿದರು, ಏನು ಬರೆಯಬೇಕೋ ತಿಳಿಯದೆ ಮುಚ್ಚಿ ಮತ್ತೆ ಜೇಬಿಗಿಟ್ಟುಕೊಂಡರು. ತಮ್ಮ ಕೋಣೆಗೆ ಹೋಗಿ ಪೆಟ್ಟಿಗೆಯಿಂದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಕಪಾಟಿಗೆ ಜೋಡಿಸತೊಡಗಿದರು. ಅವರು ಅಳುತ್ತಿದ್ದರು, ಬಾಗಿಲು ತೆರೆದೇ ಇತ್ತು. ತಾನು ಉಳಿಸಿಕೊಂಡ ಡಾಕ್ಟರನ್ನು ನೀಲಗಂಗಾ ಹೊರಗೆ ನಿಂತು ನೋಡಿದಳು, ಒಳಗೆ ಹೋಗಲಿಲ್ಲ.

ಆ ಸಂಜೆ ಮನೆಯಲ್ಲಿ ಹಂಚಿನ ಮೇಲೆ ಅಂಗೈ ಹಿಡಿದಳು. ಕಾವು ಎಷ್ಟಿದೆ ಎಂದು ತಿಳಿಯಲಿಲ್ಲ. ಸುಮ್ಮನೆ ಅಂದಾಜಿನ ಮೇಲೆ ರೊಟ್ಟಿ ಹಾಕಿದಳು. ಸೀದ ರೊಟ್ಟಿಯನ್ನು ಈರಸಂಗಪ್ಪ ತಿಂದ, ಇನ್ನೊಂದನ್ನೂ ಕೇಳಿ ಹಾಕಿಸಿಕೊಂಡ. ಡಾಕ್ಟರು ಉಳಿದರಂತಲ್ಲ ಎಂದ. ಉಳಿದರು ಎಂದಳು. ಮೂರು ಸರ್ತಿ ಕೈ ಕಟ್ಟಿಕೊಂಡು ಕುಂದ್ರು ಎಂದು ತಾನು ಹೇಳಿದ್ದು ಅವನಿಗೆ ಮರೆತೇಹೋಗಿತ್ತು. ಅವಳೂ ನೆನಪು ಮಾಡಿಕೊಡಲಿಲ್ಲ.

ಒಂದು ವಾರದ ಮೇಲೆ ವಾಗ್ದೇವಿ ತಾನಾಗಿಯೇ ಫೋನು ಮಾಡಿದಳು. ದನಿಯಲ್ಲಿ ನಿಜವಾದ ಸಂತೋಷವಿತ್ತು. ನಿಮ್ಮ ಘಟಕ ಈಗ ವೀಕ್ಷಣೆಯಲ್ಲಿದೆ ಸಿಸ್ಟರ್, ಇನ್ನು ತಿಂಗಳಿಗೆ ಮೂರು ಬರುತ್ತಿದ್ದರೆ ಸಾಕು, ಡಾಕ್ಟರನ್ನು ಯಾರೂ ಮುಟ್ಟುವುದಿಲ್ಲ ಎಂದಳು. ಬರುವ ಒಂದನೇ ತಾರೀಖಿನಿಂದ ಪ್ರತಿ ತಿಂಗಳೂ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ ಎಂದೂ ಹೇಳಿದಳು. ನದಿಯಾಚೆಯವರಿಗೆ ಯಾರನ್ನು ಕಳಿಸಿದಿರಿ ಎಂದು ನೀಲಗಂಗಾ ಕೇಳಿದಳು. ಸದ್ಯಕ್ಕೆ ಪರದೆ ಕೊಟ್ಟಿದ್ದೇವೆ ಎಂದು ಉತ್ತರ ಬಂತು.

ಹೊಸ ತಿಂಗಳ ಮೊದಲ ದಿನ ನೀಲಗಂಗಾ ಎಂಟು ಗಂಟೆಗೆ ಡ್ಯೂಟಿಗೆ ಬಂದಳು. ನೋಟ್‌ಬುಕ್ಕು ಮೊಳೆಯ ಮೇಲಿತ್ತು. ಪಕ್ಕದಲ್ಲಿ ಪ್ರಶಸ್ತಿಪತ್ರದ ಮೊಳೆ ಖಾಲಿ ಇತ್ತು. ಮೊದಲ ಹಾಸಿಗೆಯ ಮುಂದೆ ನಿಂತಳು, ಹೊದಿಕೆ ಎತ್ತಲು ಕೈ ಬರಲಿಲ್ಲ. ಹಾಸಿಗೆಯಲ್ಲಿದ್ದವನು ಪಿತ್ತಕೋಶ ತೆಗೆಸಿಕೊಂಡ ಎಂಬತ್ತರ ಮುದುಕ. ಅವಳನ್ನು ಕಂಡು ಹಲ್ಲಿಲ್ಲದ ಬಾಯಿಯಲ್ಲಿ ನಕ್ಕು, ತಾನೇ ಹೊದಿಕೆಯಿಂದ ಎರಡೂ ಪಾದಗಳನ್ನು ಹೊರಗೆ ಚಾಚಿದ.

"ಎಲ್ಲಾರ ಕಾಲು ಹಿಡೀತಿಯಂತಲ್ಲವ್ವ. ನಂದೂ ಹಿಡಿ, ಒಂದು ಆಶೀರ್ವಾದ ಮಾಡ್ತೇನಿ."

ಅವಳು ಬಾಗಿ ಹೆಬ್ಬೆರಳು ಹಿಡಿದಳು. ಬೆಚ್ಚಗಿತ್ತು. ಹರಡು ಮುಟ್ಟಿದಳು, ಅದೂ ಬೆಚ್ಚಗಿತ್ತು. ನೂರು ವರ್ಷ ಬಾಳು ಎಂದು ಮುದುಕ ಅವಳ ತಲೆಯ ಮೇಲೆ ಕೈಯಿಟ್ಟ. ಇಪ್ಪತ್ತೆರಡು ವರ್ಷ ಬೆಚ್ಚಗಿನ ಕಾಲು ಮುಟ್ಟಿದಾಗಲೆಲ್ಲ ಅವಳಿಗೆ ಸಮಾಧಾನವಾಗುತ್ತಿತ್ತು. ಈ ಸಲವೂ ಆಯಿತು, ಒಂದು ಗಳಿಗೆ. ಅದರ ಬೆನ್ನಿಗೇ, ಇದು ಬೆಚ್ಚಗಿದೆಯಲ್ಲ, ಇನ್ನೂ ಮೂರು ಕೆಂಪೂ ಬಾಕಿ ಎಂದು ಅವಳ ಮನಸ್ಸು ಪೆಚ್ಚಾಯಿತು. ನೋಟ್‌ಬುಕ್ಕಿನಲ್ಲಿ ಬೆಚ್ಚಗೆ ಎಂದು ಬರೆದು ಅವಳು ಎರಡನೆಯ ಹಾಸಿಗೆಗೆ ಹೋದಳು.